ಬೂಂಡಾಕ್ ಸೇಂಟ್ಸ್: ನಕ್ಕಿದ್ದು ತಪ್ಪೇ?

ಪ್ರಶ್ನೆ: ಟ್ರಾಯ್ ಡಫಿ ನಿರ್ದೇಶನದ, 1999ರ ‘ದಿ ಬೂಂಡಾಕ್ ಸೇಂಟ್ಸ್’ ಚಿತ್ರವನ್ನು ನಿನ್ನೆ ನೋಡಿದೆ. ಬಾಸ್ಟನ್ನಿನ ಐರಿಷ್ ಸಹೋದರರಿಬ್ಬರು ಪ್ರಾರ್ಥನೆ ಹೇಳುತ್ತ ಪಾತಕಿಗಳನ್ನು ಕೊಲ್ಲುವಾಗ ಹಲವೆಡೆ ನಕ್ಕೆ. ಆಮೇಲೆ ಆ ನಗುವೇ ಕಸಿವಿಸಿ ಉಂಟುಮಾಡಿತು. ನಿಮಗೂ ಹೀಗಾಯಿತೇ?

ಉತ್ತರ 1: ಕಸಿವಿಸಿ ಏಕೆ? ಹಗ್ಗ ಬೇಕೇ ಬೇಕೆಂದು ಹಟ ಹಿಡಿದು ಕೊಂಡೊಯ್ದ ಆ ಸಹೋದರರು, ಗಾಳಿಯ ಕೊಳವೆಯೊಳಗೆ ಜಗಳವಾಡುತ್ತ ತೆವಳಿ, ಕೆಳಗೆ ಕುಸಿದು, ಅದೇ ಹಗ್ಗದಲ್ಲಿ ತಲೆಕೆಳಗಾಗಿ ತೂಗಾಡುತ್ತ ಗುಂಡು ಹಾರಿಸುವ ದೃಶ್ಯವು ಇವರ ವೀರಾವೇಶವನ್ನೇ ಗೇಲಿ ಮಾಡುತ್ತದೆ.

ಉತ್ತರ 2: ಒಪ್ಪಲಾರೆ. ಸತ್ತವರಲ್ಲಿ ಬಹುತೇಕರಿಗೆ ಮುಖವೇ ಇಲ್ಲ. ಮೇಜು ಗುದ್ದಿದಾಗ ಅಕಸ್ಮಾತ್ತಾಗಿ ಸಿಡಿದ ಗುಂಡಿಗೆ ಬಲಿಯಾದ ಬೆಕ್ಕಿಗಾಗಿ ಮರುಗಿದಷ್ಟೂ ಅವರಿಗಾಗಿ ನಾನು ಮರುಗಲಿಲ್ಲ ಎಂಬುದೇ ಚಿತ್ರದ ದೋಷ. ಕೊಲೆ ನಡೆದ ಜಾಗದಲ್ಲಿ ಒಪೆರಾ ಸಂಗೀತ ಕೇಳುತ್ತ ತನಿಖೆ ನಡೆಸುವ ಅಧಿಕಾರಿಯ ಪಾತ್ರದಲ್ಲಿ ನಟ ವಿಲೆಮ್ ಡೆಫೋ ಮಾತ್ರ ಅದ್ಭುತ. (ಅವರಿಗಾಗಿ ಮತ್ತೊಮ್ಮೆ ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ.)

ಉತ್ತರ 3: ನಿಮ್ಮಿಬ್ಬರ ವಾದವೂ ಚಿತ್ರದೊಳಗೇ ಇದೆ. ನ್ಯಾಯಾಲಯದಲ್ಲಿ ಎಲ್ಲರೆದುರು ಕೊಲೆ ನಡೆದ ಬಳಿಕ, ಈ ಸಹೋದರರು ಒಳ್ಳೆಯವರೋ ಕೆಟ್ಟವರೋ ಎಂದು ದಾರಿಹೋಕರನ್ನು ಕೇಳಲಾಗುತ್ತದೆ. ಕೆಲವರು ಮೆಚ್ಚುತ್ತಾರೆ, ಕೆಲವರು ಬಯ್ಯುತ್ತಾರೆ, ಇನ್ನು ಕೆಲವರು ಕ್ಯಾಮೆರಾ ಕಂಡು ಜಾರಿಕೊಳ್ಳುತ್ತಾರೆ. ನಾನು ಆ ಮೂರನೆಯ ಗುಂಪಿನವನು.