ಹೊಸ ಕಿಟಕಿ ಸೋರುತ್ತಿದೆಯೇ? ಮೇಸ್ತ್ರಿಗೆ ಕೇಳಿ

ಹೊಸಮನೆ: ಮೇಸ್ತ್ರಿಗಳೇ, ಮೊನ್ನೆ ತಾನೇ ಕಿಟಕಿ ಕೂರಿಸಿದ್ದಾರೆ. ಮಳೆಗಾಲಕ್ಕೆ ಮುಂಚೆಯೇ ಸೋರುತ್ತದೋ ಇಲ್ಲವೋ ನೋಡುವುದು ಹೇಗೆ?

ಕಿಟಕಿ ಮೇಸ್ತ್ರಿ: ಸಿಲಿಕಾನ್ ಒಂದು ದಿನವಾದರೂ ಒಣಗಲಿ. ಆಮೇಲೆ ಒಬ್ಬರು ಹೊರಗೆ ಪೈಪು ಹಿಡಿಯಿರಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಿ. ಕೆಳಗಿನ ಅಂಚಿನಿಂದ ಶುರು ಮಾಡಿ. ಮೇಲಿಂದ ಬಿಟ್ಟರೆ ಇಡೀ ಕಿಟಕಿ ನೆನೆದು ತೂತು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ 5 ನಿಮಿಷ. ಆಮೇಲೆ ಪಕ್ಕ, ಕೊನೆಗೆ ಮೇಲೆ.

ಮಳೆಹುಳ: ಕಾರು ತೊಳೆಯುವ ಪ್ರೆಷರ್ ಮೆಷಿನ್‌ನಲ್ಲಿ ಹೊಡೆದರೆ ಬೇಗ ಗೊತ್ತಾಗುತ್ತದೆ ಅಲ್ವಾ?

ಕಿಟಕಿ ಮೇಸ್ತ್ರಿ: ಬೇಡ. ಚೆನ್ನಾಗಿರುವ ರಬ್ಬರೂ ಕಿತ್ತು ಬರುತ್ತದೆ.

ಮೂರನೇ ಮಹಡಿ: ನಮ್ಮದು ಸ್ಲೈಡಿಂಗ್. ಮಳೆ ಬರುವಾಗ ಒಂದು ಹನಿಯೂ ಒಳಗೆ ಬರುವುದಿಲ್ಲ. ಮಾರನೇ ದಿನ ಕಿಟಕಿ ಕೆಳಗಿನ ಗೋಡೆ ತೇವ. ಅಲ್ಲೇ ಪ್ಲಗ್ ಪಾಯಿಂಟ್ ಬೇರೆ ಇದೆ. ಹಾಕಿದವರು ‘ಬಣ್ಣದ ದೋಷ’ ಅನ್ನುತ್ತಾರೆ.

ಕಿಟಕಿ ಮೇಸ್ತ್ರಿ: ಮೊದಲು ಆ ಪ್ಲಗ್‌ನ ಎಂಸಿಬಿ (ಬೋರ್ಡ್‌ನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಬನ್ನಿ, ಆಮೇಲೆ ಮುಂದೆ ಓದಿ. ಬಣ್ಣದ ದೋಷವಂತೆ! ಮಳೆ ಬಂದ ಮಾರನೇ ದಿನ ಮಾತ್ರ ಬರುವ ದೋಷ! ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್‌ಗೆ ನೀರು ಬರುವುದು ಸಹಜ, ಅದು ಅಲ್ಲಿರುವ ಸಣ್ಣ ತೂತುಗಳಿಂದ ಆಚೆ ಹೋಗಬೇಕು. ನಿಮ್ಮಲ್ಲಿ ಗೋಡೆಯೊಳಗೆ ಇಳಿಯುತ್ತಿರುವ ಹಾಗಿದೆ. ಟ್ರ್ಯಾಕ್‌ನ ಮೂಲೆ ಜೋಡಣೆ ಬಿಟ್ಟಿರಬೇಕು, ಇಲ್ಲವೇ ಫ್ರೇಮ್ ಬಿಗಿಯಲು ಟ್ರ್ಯಾಕ್‌ನಲ್ಲೇ ಸ್ಕ್ರೂ ಹೊಡೆದು ಹಾಗೇ ಬಿಟ್ಟಿರಬೇಕು. ನೀರು ಆಚೆ ಹೋಗುವ ತೂತುಗಳಿಗೆ ಒಳಗಿಂದಲೇ ಟೇಪ್ ಅಂಟಿಸಿ, ಆಚೆ ಬಗ್ಗಬೇಡಿ. ಟ್ರ್ಯಾಕ್‌ಗೆ ಒಳ ಅಂಚು ದಾಟದಷ್ಟು ನೀರು ಹಾಕಿ, ಪೆನ್ಸಿಲ್‌ನಲ್ಲಿ ಗೆರೆ ಎಳೆದು 15 ನಿಮಿಷ ಕಾಯಿರಿ. ಟೇಪು ಗಟ್ಟಿಯಾಗಿದ್ದೂ ನೀರು ಇಳಿದರೆ ಅದು ಗೋಡೆಗೇ ಹೋಗಿದೆ. ಕೂಡಲೇ ಒರೆಸಿ ತೆಗೆಯಿರಿ, ಟೇಪು ಕೀಳಿ.

ಸಂಸಾರಿ: ‘ಟ್ರ್ಯಾಕ್ ತೂತುಗಳಿಗೆ ಮೇಣ ಕರಗಿಸಿ ಹಾಕಿದರೆ ಜನ್ಮದಲ್ಲಿ ಸೋರುವುದಿಲ್ಲ. ಎಲ್ಲರಿಗೂ ಕಳಿಸಿ.’

ಕಿಟಕಿ ಮೇಸ್ತ್ರಿ: ಈ ವಾರ ಇದು ನಾಲ್ಕನೇ ಸಲ. ಆ ತೂತು ಇರುವುದೇ ನೀರು ಹೋಗಲಿಕ್ಕೆ. ಮುಚ್ಚಿದರೆ ತುಂಬಿ ನಿಮ್ಮ ಹಾಸಿಗೆಗೇ ಬರುತ್ತದೆ.

ಸಂಸಾರಿ: ನಮ್ಮ ಭಾವನ ಮನೆಯಲ್ಲಿ ಹಾಕಿ ಎರಡು ವರ್ಷವಾಯಿತು. ಸೋರಿಲ್ಲ.

ಮಳೆಹುಳ: ಅವರ ಕಿಟಕಿ ಮೇಲೆ ದೊಡ್ಡ ಸಜ್ಜಾ ಇದೆ ಅಂತ ಹೋದ ತಿಂಗಳು ನೀವೇ ಬರೆದಿದ್ದಿರಿ. ಮಳೆಯೇ ತಾಗದ ಕಿಟಕಿಗೆ ಮೇಣ ಹಾಕಿದರೇನು, ಮಣ್ಣು ಹಾಕಿದರೇನು?

ಸಂಸಾರಿ: ನಾನು ಕೇಳಿದ್ದು ಮೇಸ್ತ್ರಿಗಳನ್ನು, ನಿಮ್ಮನ್ನಲ್ಲ.

ಮಳೆಹುಳ: ಎಲ್ಲಿ ಕೇಳಿದಿರಿ? ಸುಮ್ನೆ ಫಾರ್ವರ್ಡ್ ಮಾಡಿದಿರಿ.

ಮರದ ಕಿಟಕಿ: ಮರದ ಚೌಕಟ್ಟಿಗೂ ಇದೇ ಪರೀಕ್ಷೆ ಮಾಡಬಹುದಾ?

ಹಿತ್ತಲು: ಚಳಿಯಲ್ಲಿ ಬೆಳಗ್ಗೆ ಗಾಜಿನ ಒಳಗಡೆ ಹನಿ ಕೂತಿರುತ್ತದೆ. ಸೋರಿಕೆಯಾ?

ಕಿಟಕಿ ಮೇಸ್ತ್ರಿ: ಅಲ್ಲ. ಕೋಣೆಯ ತೇವ ತಣ್ಣನೆ ಗಾಜಿಗೆ ತಾಗಿ ಹನಿಯಾಗಿದೆ. ಒರೆಸಿ, ಗಾಳಿ ಆಡಲಿ.

ಹೊಸಬ: ಸರ್, ಹೊಸ ಕಿಟಕಿ ಸೋರುತ್ತದಾ ಅಂತ ನೋಡುವುದು ಹೇಗೆ?

ಕಿಟಕಿ ಮೇಸ್ತ್ರಿ: ಮೇಲೆ ಓದಿ.

ಮೂರನೇ ಮಹಡಿ: ಮಾಡಿದೆ. ನೀರು ಗೆರೆಯಿಂದ ಇಳಿದಿದೆ, ಎಡ ಮೂಲೆಯಲ್ಲಿ ಗುಳ್ಳೆ ಬರುತ್ತಿತ್ತು.

ಕಿಟಕಿ ಮೇಸ್ತ್ರಿ: ಗುಳ್ಳೆ ಬಂದಲ್ಲೇ ದಾರಿ. ಫೋಟೋ ತೆಗೆದು, ಕಿಟಕಿ ಹಾಕಿದವರಿಗೆ ಕಳಿಸಿ. ಮೂಲೆ ಪೂರ್ತಿ ಒಣಗಿಸಿಯೇ ಸೀಲ್ ಮಾಡಬೇಕು, ಒದ್ದೆ ಮೇಲೆ ಬಳಿಯಲು ಬಿಡಬೇಡಿ. ಗೋಡೆ ಒಣಗಿ ಎಲೆಕ್ಟ್ರಿಷಿಯನ್ ನೋಡುವವರೆಗೆ ಎಂಸಿಬಿ ಮುಟ್ಟಬೇಡಿ.

ಮರದ ಕಿಟಕಿ: ಸರ್, ನನ್ನ ಪ್ರಶ್ನೆ?

ಸಂಸಾರಿ: ಮೇಣದ ವಿಷಯ ಇನ್ನೂ ಮುಗಿದಿಲ್ಲ.