ಗ್ಯಾಸ್ಪ್ರಾ: ಕ್ಷುದ್ರಗ್ರಹವೋ ಕಿರುಗ್ರಹವೋ? ಸ್ವಲ್ಪ ತುರ್ತು

ನಮಸ್ಕಾರ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಬೋರ್ಡ್ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಫೋಟೋ ಕೆಳಗೆ ಹೀಗಿದೆ: "ಗ್ಯಾಸ್ಪ್ರಾ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿರುವ ಶಿಲಾ ಕ್ಷುದ್ರಗ್ರಹ. ಉದ್ದ ಸುಮಾರು 18 ಕಿ.ಮೀ. 1991ರ ಅಕ್ಟೋಬರ್ 29ರಂದು ಗೆಲಿಲಿಯೋ ನೌಕೆ ಇದರ ಪಕ್ಕದಲ್ಲಿ ಹಾದುಹೋಯಿತು. ನೌಕೆಯೊಂದು ಹತ್ತಿರದಿಂದ ಕಂಡ ಮೊದಲ ಕ್ಷುದ್ರಗ್ರಹ." ತೊಂದರೆ ಏನೆಂದರೆ, 'ಕ್ಷುದ್ರ' ಅಂದ ಕೂಡಲೇ ಮಕ್ಕಳಿಗೆ ಮಾಟ ಮಂತ್ರ ನೆನಪಾಗುತ್ತದೆ. ಕಿರುಗ್ರಹ ಅನ್ನಬಹುದಾ?

ಮರು:
ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಸಮಾಸ. ಬೇಡ.

ಮರು:
ಒಂದೇ ಮಾತಿಗೆ ಬಾಗಿಲು ಹಾಕಿದರೆ ಹೇಗೆ ಸ್ವಾಮಿ? ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಅಷ್ಟು ಮಡಿ ಬೇಕಿದ್ದರೆ ತದ್ಭವ ಹಾಕಿ. ಗ್ರಹ, ಗರ. 'ಕಿರುಗರ'. ಮಕ್ಕಳು ಗರ ಬಡಿದವರ ಹಾಗೆ ನಿಂತು ನೋಡುತ್ತಾರೆ.

ಮರು:
ಗ್ರಹ, ಗರ ಎರಡೂ ಬಿಡಿ. ಬಾನ್ಗಲ್ಲು. ಅಚ್ಚಗನ್ನಡ, ಆದೇಶ ಸಂಧಿ, ಓದಿದ ತಕ್ಷಣ ಅರ್ಥ. ಸಂಸ್ಕೃತದ ಊರುಗೋಲು ಇನ್ನೂ ಎಷ್ಟು ದಿನ?

ಮರು:
ಓದಿದ ತಕ್ಷಣ ತಪ್ಪು ಅರ್ಥ. ಬಾನಿಂದ ನೆಲಕ್ಕೆ ಬಿದ್ದ ಕಲ್ಲಿಗೆ ಏನಂತೀರಿ? ಅದು ಉಲ್ಕಾಶಿಲೆ, ಬೇರೆಯೇ ವಸ್ತು. ಇನ್ನು ಪಟ್ಟಿಯಲ್ಲಿರುವುದೆಲ್ಲ ಕಲ್ಲೂ ಅಲ್ಲ. 2023ರಲ್ಲಿ ನಾಸಾ ನೌಕೆ ಹೊರಟಿದ್ದು ಸೈಕೀ ಎಂಬ ಕ್ಷುದ್ರಗ್ರಹದ ಕಡೆಗೆ, ಅದರಲ್ಲಿ ಲೋಹ ಜಾಸ್ತಿ. 'ಲೋಹದ ಬಾನ್ಗಲ್ಲು' ಅಂತ ಬರೆಯುತ್ತೀರಾ?

ಕಿರುಗ್ರಹವೂ ಬೇಡ, ಆದರೆ ಸಮಾಸದ ಕಾರಣಕ್ಕಲ್ಲ. 2006ರಿಂದ ಪ್ಲೂಟೋ, ಸೀರಿಸ್‌ಗೆ ಕುಬ್ಜಗ್ರಹ ಅನ್ನುತ್ತಿದ್ದೇವೆ. ಕುಬ್ಜ ಯಾವುದು, ಕಿರಿದು ಯಾವುದು ಅಂತ ಮಕ್ಕಳು ಕೇಳಿದರೆ ಮೇಷ್ಟರ ಗತಿ ಏನು?

ಕ್ಷುದ್ರವನ್ನು ಸುಮ್ನೆ ಬೈಯಬೇಡಿ. 'ಕ್ಷುದ್' ಧಾತುವಿಗೆ ಜಜ್ಜು, ಪುಡಿಮಾಡು ಅನ್ನುವ ಅರ್ಥ. ಅಲ್ಲಿಂದ ಚಿಕ್ಕದು, ಆಮೇಲೆ ನೀಚ. ಆಯುರ್ವೇದದ ಕ್ಷುದ್ರರೋಗದಲ್ಲಿ ಮಾಟ ಎಲ್ಲಿದೆ? ಈ ಗ್ಯಾಸ್ಪ್ರಾವನ್ನೇ ನೋಡಿ. ಉದ್ದ 18 ಕಿ.ಮೀ., ಅಗಲ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಮೈಯೆಲ್ಲ ಕುಳಿ, ಮೂಲೆಗಳು ಒಡೆದಂತೆ. ಡಿಕ್ಕಿಯಲ್ಲಿ ಒಡೆದುಹೋದ ದೊಡ್ಡ ಕಾಯದ ಚೂರು ಎಂದೇ ವಿಜ್ಞಾನಿಗಳ ಎಣಿಕೆ. ಜಜ್ಜಿಸಿಕೊಂಡ ಗ್ರಹಕ್ಕೆ ಇದಕ್ಕಿಂತ ಒಪ್ಪುವ ಹೆಸರು ತೋರಿಸಿ.

ಮರು (ಬಾನ್ಗಲ್ಲು):
ಆಲಿಕಲ್ಲು ಕಲ್ಲಾ? ಮಂಜುಗಡ್ಡೆ ತಾನೇ. ಅದನ್ನು ಒಪ್ಪಿದ ಕನ್ನಡಿಗರು ಲೋಹದ ಬಾನ್ಗಲ್ಲನ್ನೂ ಒಪ್ಪುತ್ತಾರೆ. ಧಾತುಪಾಠ ಮಕ್ಕಳಿಗೆ ಬರುವುದಿಲ್ಲ.

ಮರು:
ಯಾಕಿಷ್ಟು ಗುದ್ದಾಟ? ಅಸ್ಟೆರಾಯ್ಡ್ ಅಂತ ಬರೆಯಿರಿ. ಬಸ್ಸು, ಪೆನ್ನು ನಮ್ಮದಾಗಲಿಲ್ವಾ?

ಮರು:
ಬಸ್ಸನ್ನು ದಿನಾ ಹತ್ತಿದೆವು, ಅದಕ್ಕೇ ನಮ್ಮದಾಯಿತು. ಅಸ್ಟೆರಾಯ್ಡ್ ಅಂದರೆ 'ನಕ್ಷತ್ರದಂಥದ್ದು'. 1802ರಲ್ಲಿ ಖಗೋಳಜ್ಞ ಹರ್ಷೆಲ್ ದೂರದರ್ಶಕದಲ್ಲಿ ಬರೀ ಚುಕ್ಕಿ ಕಂಡು ಹಾಗೆಂದ. ಬೋರ್ಡಲ್ಲಿ ಕುಳಿಗಳ ಸಮೇತ ಕಲ್ಲಿನ ಫೋಟೋ ಹಾಕಿ, ಕೆಳಗೆ ನಕ್ಷತ್ರದಂಥದ್ದು ಅಂತ ಬರೆಯುವುದಾ? ತಪ್ಪೂ ಆಮದೇ ಆಗಬೇಕಾ?

ಮರು:
ತಪ್ಪೋ ಸರಿಯೋ, ಜನ ಬಳಸಿದ್ದೇ ಪದ. ಪಂಡಿತರ ಅಪ್ಪಣೆ ಯಾರಿಗೂ ಬೇಕಿಲ್ಲ.

ಮರು (ಪ್ರಶ್ನೆ ಕೇಳಿದವರು):
ದಯವಿಟ್ಟು ಯಾರಾದರೂ ಒಂದು ಹೇಳಿ. 'ಶಿಲಾ' ಉಳಿಸಲಾ? 'ಕಲ್ಲು ಕ್ಷುದ್ರಗ್ರಹ' ಅಂದರೆ ಮತ್ತೆ ಅರಿಸಮಾಸ ಅಂತೀರಿ.

ಮರು:
'ಕಲ್ಲಿನ ಕ್ಷುದ್ರಗ್ರಹ' ಅನ್ನಿ. ನಡುವೆ ಷಷ್ಠಿ ಕೂತಿದೆ, ಸಮಾಸವೇ ಅಲ್ಲ. ಯಾರೂ ತಕರಾರು ತೆಗೆಯುವ ಹಾಗಿಲ್ಲ.

ಆದರೆ 'ಗ್ಯಾಸ್ಪ್ರಾ' ತಿದ್ದಿ. ಇದನ್ನು 1916ರಲ್ಲಿ ಕಂಡವರು ನೆಯುಯ್ಮಿನ್, ಕ್ರೈಮಿಯಾದ ಸಿಮೇಯಿಜ್ ವೀಕ್ಷಣಾಲಯದಿಂದ. ಹೆಸರು ಅಲ್ಲೇ ಕಪ್ಪು ಸಮುದ್ರದ ದಡದಲ್ಲಿರುವ ಊರಿನದು. ಅಲ್ಲಿಯವರ ಬಾಯಲ್ಲಿ ಅದು ಗಾಸ್ಪ್ರಾ. 'ಗ್ಯಾ' ಇಂಗ್ಲಿಷ್ ದಾರಿಯಲ್ಲಿ ಬಂದದ್ದು. ನಮ್ಮಲ್ಲಿ ದೀರ್ಘ 'ಗಾ' ಇರುವಾಗ ಅದೇಕೆ?