ಒಂದೂವರೆ ಲಕ್ಷಕ್ಕೆ ರೆವಿಟ್, ಎನ್‌ಸ್ಕೇಪ್, ಲೂಮಿಯನ್ ಓಡುವ ಕಂಪ್ಯೂಟರ್: ಅನುಭವ ಇದ್ದವರು ಹೇಳಿ

ಕೊಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಪುಣೆಯಲ್ಲಿ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿದ್ದೇನೆ. ದಿನವೂ ಕಟ್ಟಡದ ಮಾಡೆಲ್ ಮಾಡುವ ರೆವಿಟ್, ಸ್ಕೆಚ್‌ಅಪ್. ರೆಂಡರ್‌ಗೆ, ಅಂದರೆ ಮಾಡೆಲ್‌ನಿಂದ ಫೋಟೋದಂಥ ಚಿತ್ರ ತೆಗೆಯಲು, ಎನ್‌ಸ್ಕೇಪ್. ಅದೇ ಕೆಲಸದ ಲೂಮಿಯನ್ ಕಲಿಯಬೇಕು ಅಂತಿದೆ. ಆಫೀಸಿನಲ್ಲಿ ಸ್ವಂತ ಲ್ಯಾಪ್‌ಟಾಪ್ ತಗೊಂಡು ಬಾ ಅಂದಿದ್ದಾರೆ. ನನಗೆ ಮನೆಯಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡು ರಾತ್ರಿ ಹೊರಗಿನ ಕೆಲಸವನ್ನೂ ಮಾಡುವ ಆಸೆ. ಅಪ್ಪ ಕೊಟ್ಟಿದ್ದು, ನಾನು ಉಳಿಸಿದ್ದು ಸೇರಿ 1,50,000 ಇದೆ. ಮಾನಿಟರ್ ಇದೆ. ದುಡ್ಡು ಪ್ರೊಸೆಸರ್‌ಗೆ (ಸಿಪಿಯು) ಹಾಕಲೋ, ಗ್ರಾಫಿಕ್ಸ್ ಕಾರ್ಡಿಗೆ (ಜಿಪಿಯು) ಹಾಕಲೋ?

ಡೊಂಬಿವಲಿ

ತಂಗೀ, ಕಾರ್ಡ್ ಕಾರ್ಡ್ ಅಂತ ಎಲ್ಲರೂ ಕೂಗುತ್ತಾರೆ. ನಾನು ಬಿಲ್ಡರ್‌ಗಳ ಬ್ರೋಷರ್‌ಗೆ ಇಮೇಜ್ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು. ಮಾಡೆಲ್‌ಗೆ 3ಡಿಎಸ್ ಮ್ಯಾಕ್ಸ್, ರೆಂಡರ್‌ಗೆ ಕೊರೊನಾ ಅನ್ನುವ ಸಾಫ್ಟ್‌ವೇರ್. ಕೊರೊನಾ ಲೆಕ್ಕ ಹಾಕುವುದೆಲ್ಲ ಸಿಪಿಯು ಮೇಲೆ. ಕಾರ್ಡ್ ಬೇಕಾಗುವುದು ಕೆಲಸ ಮಾಡುವಾಗ ಮಾಡೆಲ್ ತೋರಿಸುವ ವ್ಯೂಪೋರ್ಟ್‌ಗೆ, ಹೆಚ್ಚೆಂದರೆ ಚಿತ್ರದ ಚುಕ್ಕಿ ಅಳಿಸುವ ಡಿನಾಯ್ಸ್‌ಗೆ. ಅದಕ್ಕೇ 2023ರಲ್ಲಿ ದುಡ್ಡನ್ನೆಲ್ಲ ಕೋರ್‌ಗಳ ಮೇಲೆ, ಅಂದರೆ ಸಿಪಿಯು ಒಳಗೆ ಒಟ್ಟಿಗೆ ಲೆಕ್ಕ ಹಾಕುವ ಭಾಗಗಳ ಮೇಲೆ, ಹಾಕಿದೆ. 16 ಕೋರ್‌ನ ಪ್ರೊಸೆಸರ್ ರೈಜೆನ್ 9 7950ಎಕ್ಸ್ 52,000. ಬೋರ್ಡ್ 21,500. ರ‍್ಯಾಮ್ 64 ಜಿಬಿ 19,000. ಆರ್‌ಟಿಎಕ್ಸ್ 3060, 12 ಜಿಬಿಯದು, 25,800. ಲಿಕ್ವಿಡ್ ಕೂಲರ್ 11,200. ಎಸ್‌ಎಂಪಿಎಸ್ (ಒಳಗೆಲ್ಲ ಕರೆಂಟ್ ಕೊಡುವ ಡಬ್ಬ) 10,400. 2 ಟಿಬಿ ಎಸ್‌ಎಸ್‌ಡಿ 11,500. ಕ್ಯಾಬಿನೆಟ್ 6,800. ಒಟ್ಟು 1,58,200. ಎಲ್ಲವೂ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡಿದ್ದು. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿವರೆಗೆ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ತಬ್ಬಿಕೊಂಡು ತಂದೆ. ಕಾರ್ಡ್ ಬೇರೆ ಡಬ್ಬದಲ್ಲಿತ್ತು. ಒಳಗೇ ಕೂರಿಸಿ ತಂದಿದ್ದರೆ ಜಗ್ಗಾಟಕ್ಕೆ ಸ್ಲಾಟ್ ಮುರಿಯುತ್ತಿತ್ತು.

ಎರಡನೇ ಬೇಸಿಗೆಗೆ ಕೂಲರ್‌ನ ಪಂಪ್ ನಿಂತಿತು. ಪನ್ವೇಲ್‌ನ ಒಂದು ಪ್ರಾಜೆಕ್ಟಿನ ಇಮೇಜ್ ಆ ವಾರವೇ ಕೊಡಬೇಕಿತ್ತು. ಸರ್ವಿಸ್‌ನವರು ಇವತ್ತು ನಾಳೆ ಅಂದರು. ಕೊನೆಗೆ ಬಾಡಿಗೆ ಯಂತ್ರಗಳಲ್ಲಿ ರೆಂಡರ್ ಮಾಡಿಕೊಡುವ ರೆಂಡರ್ ಫಾರ್ಮ್‌ಗೆ 14,600 ಕಟ್ಟಿ ಕೆಲಸ ಮುಗಿಸಿದೆ. ಆಮೇಲೆ 4,200 ಕೊಟ್ಟು ದೊಡ್ಡ ಏರ್ ಕೂಲರ್ ಹಾಕಿದೆ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್) ಕರೆಂಟ್ ಕಡಿಮೆ ಎಳೆಯುವ ಎಕೋ ಮೋಡ್, 105 ವ್ಯಾಟ್. ರೆಂಡರ್ ಸ್ವಲ್ಪವೇ ನಿಧಾನ, ರೂಮು ಮಾತ್ರ ತಣ್ಣಗೆ. ಇನ್ನೊಂದು: ರ‍್ಯಾಮ್ ಎರಡೇ ಸ್ಟಿಕ್‌ನಲ್ಲಿ ತಗೋ. ರೈಜೆನ್ 7000 ಸರಣಿಯಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ, ರೈಜೆನ್ ಮಾಡುವ ಎಎಂಡಿಯವರೇ ಕೊಟ್ಟ ಲೆಕ್ಕ ಅದು. ನಾನು 19,000 ಕೊಟ್ಟ ರ‍್ಯಾಮ್ ಈಗ ಆ ಬೆಲೆಗೆ ಸಿಗುವುದಿಲ್ಲ. ಚಿಪ್ಪೆಲ್ಲ ಎಐ ಡೇಟಾ ಸೆಂಟರ್‌ಗಳಿಗೆ ಹೋಗಿ 2025ರ ಕೊನೆಯಿಂದ ಬೆಲೆ ಏರಿ ಕೂತಿದೆ.

ಪರ್ವರಿ, ಗೋವಾ

ನಾನು ಲ್ಯಾಪ್‌ಟಾಪ್ ವಿಷಯ ಹೇಳುತ್ತೇನೆ, ಯಾಕೆಂದರೆ ಆ ಗಾಯ ಇನ್ನೂ ಹಸಿಯಾಗಿದೆ. 1,62,000 ಕೊಟ್ಟೆ. ಡಬ್ಬದ ಮೇಲೆ ಆರ್‌ಟಿಎಕ್ಸ್ 4070 ಅಂತ ದೊಡ್ಡಕ್ಷರದಲ್ಲಿತ್ತು. ಡೆಸ್ಕ್‌ಟಾಪಿನ 4070ಗೆ 12 ಜಿಬಿ ಮೆಮೊರಿ. ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡಿಗೆ ಬರೀ 8. ಹೆಸರು ಒಂದೇ, ಒಳಗಿನ ಚಿಪ್ಪೇ ಬೇರೆ! ಇದನ್ನು ಅಂಗಡಿಯವನು ಬಾಯಿಬಿಟ್ಟು ಹೇಳಲಿಲ್ಲ. ಮೇಲಾಗಿ ಒಂದೇ ಕಾರ್ಡಿಗೆ ಒಂದು ಮಾಡೆಲ್‌ನಲ್ಲಿ 60 ವ್ಯಾಟ್ ಕೊಡುತ್ತಾರೆ, ಇನ್ನೊಂದರಲ್ಲಿ 115. ವೇಗ ಅದರ ಮೇಲೆ ನಿಂತಿದೆ.

ನಮ್ಮ ಕೆಲಸ ಅಸಗಾಂವ್, ಶಿವೋಲಿ ಕಡೆಯ ವಿಲ್ಲಾಗಳು. ಲೂಮಿಯನ್‌ನಲ್ಲಿ ತೆಂಗು, ಬಾಳೆ, ಲ್ಯಾಟರೈಟ್ ಗೋಡೆ, ಈಜುಕೊಳ ಎಲ್ಲ ಹಾಕಿದರೆ 8 ಜಿಬಿ ತುಂಬಿ ಹೋಗುತ್ತದೆ. ದೆಹಲಿಯಿಂದ ಬಂದ ಕ್ಲೈಂಟ್ ಎದುರು ವಾಕ್‌ಥ್ರೂ ನಿಂತೇ ಹೋಯಿತು. ಮರ ತೆಗೆದು, ಟೆಕ್ಸ್ಚರ್ ಸಣ್ಣದು ಮಾಡಿ, ಬೋಳು ಅಂಗಳ ತೋರಿಸಬೇಕಾಯಿತು. ಆ ಕೆಲಸ ಕೈತಪ್ಪಿತು.

ಒಂದು ವರ್ಷದ ವಾರಂಟಿ ಮುಗಿದ ಮೊದಲ ಮಳೆಗಾಲದಲ್ಲೇ ಮದರ್‌ಬೋರ್ಡ್ ಹೋಯಿತು. ಬಿಚ್ಚಿ ತೋರಿಸಿದರು, ಕನೆಕ್ಟರ್ ಹತ್ತಿರ ಹಸಿರು ಕಿಲುಬು. ಉಪ್ಪುಗಾಳಿ, ಜೊತೆಗೆ ಸೈಟಿನ ಕೆಂಪು ದೂಳು. 41,500 ಬಿಲ್. ಡೆಸ್ಕ್‌ಟಾಪ್ ಆಗಿದ್ದರೆ ಅಷ್ಟು ದುಡ್ಡಿಗೆ ಹೊಸ ಬೋರ್ಡ್, ಹೊಸ ಪ್ರೊಸೆಸರ್ ಎರಡೂ ಬರುತ್ತಿದ್ದವು. ಈಗ ಆಫೀಸಿನಲ್ಲಿ ಡೆಸ್ಕ್‌ಟಾಪ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಓಡುತ್ತದೆ.

ಹಡಪ್ಸರ್, ಪುಣೆ

ಡೊಂಬಿವಲಿಯವರು ಕೊರೊನಾ ಪುರಾಣ ಓದಿದರು. ಹುಡುಗಿ ಕೇಳಿದ್ದು ಎನ್‌ಸ್ಕೇಪ್, ಲೂಮಿಯನ್. ಎರಡೂ ಕಾರ್ಡಿನ ಮೇಲೆ ಓಡುತ್ತವೆ. 16 ಕೋರ್ ತಗೊಂಡು ಏನು ಮಾಡಬೇಕು? ರೆವಿಟ್, ಸ್ಕೆಚ್‌ಅಪ್ ಮಾಡೆಲಿಂಗ್‌ಗೆ ಒಂದು ಕೋರ್ ಜೋರಾಗಿದ್ದರೆ ಸಾಕು. ಉಳಿದ 15 ಸುಮ್ನೆ ಕೂತಿರುತ್ತವೆ.

ನನ್ನದು ಆರ್‌ಟಿಎಕ್ಸ್ 3090, 24 ಜಿಬಿ. ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡುಗಳನ್ನು ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸುವ ಇಥೀರಿಯಂ ಮೈನಿಂಗ್ ನಿಂತಿತಲ್ಲ, ಆಮೇಲೆ ಮೈನಿಂಗ್‌ನವರೆಲ್ಲ ಕಾರ್ಡ್ ಮಾರಲು ಕೂತರು. ಚಿಂಚ್‌ವಡ್‌ನಲ್ಲಿ ಒಬ್ಬರ ಮನೆಗೆ ಹೋಗಿ, ಅವರ ಯಂತ್ರದಲ್ಲೇ ನನ್ನ ಸೀನ್ ಹಾಕಿ, ಕಾರ್ಡಿನ ಮೇಲೇ ರೆಂಡರ್ ಮಾಡುವ ವಿ-ರೇ ಜಿಪಿಯುನಲ್ಲಿ ಪೂರ್ತಿ ರೆಂಡರ್ ಮುಗಿಯುವವರೆಗೆ ಎದ್ದೇಳಲಿಲ್ಲ. 56,000ಕ್ಕೆ ಇಳಿಸಿದೆ. 3090ರಲ್ಲಿ ಅರ್ಧ ಮೆಮೊರಿ ಕಾರ್ಡಿನ ಬೆನ್ನಿಗಿದೆ, ಅದು ಬಿಸಿಯಾಗುತ್ತದೆ. 3,400 ಕೊಟ್ಟು ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್ ಹೊಸದು ಹಾಕಿಸಿದೆ. ಕಾರ್ಡ್ ಒಂದೇ 350 ವ್ಯಾಟ್ ಎಳೆಯುತ್ತದೆ, ಅದಕ್ಕೆ ಎಸ್‌ಎಂಪಿಎಸ್ 1000 ವ್ಯಾಟ್‌ದು, 14,200. ಇವತ್ತಿನವರೆಗೆ ಒಂದು ಸೀನ್ ಕೂಡ ಮೆಮೊರಿ ಸಾಲದೆ ನಿಂತಿಲ್ಲ.

ಡೊಂಬಿವಲಿ

ಪುರಾಣ ಅಂದಿರಲ್ಲ, ಆ ಪುರಾಣವೇ ನನ್ನ ಮಗಳ ಫೀಸು ಕಟ್ಟುತ್ತಿದೆ. ಹಗಲು ರಾತ್ರಿ ಓಡಿದ ಕಾರ್ಡ್, ಬಿಲ್ ಇಲ್ಲ, ವಾರಂಟಿ ಇಲ್ಲ. ಅದನ್ನು ಒಬ್ಬ ಹೊಸಬಳಿಗೆ ಹೇಳುತ್ತೀರಾ? ನಿಮಗೆ ಹೊಂದಿತು, ಸಂತೋಷ. ಅವಳ ಅಪ್ಪನ ದುಡ್ಡು ಅದು.

ಹಡಪ್ಸರ್, ಪುಣೆ

ತಗೋ ಅಂತ ಎಲ್ಲಿ ಹೇಳಿದೆ ಮಾರಾಯ್ರೆ? ನನ್ನ ಅನುಭವ ಕೇಳಿದರು, ಹೇಳಿದೆ. ಹೊಸ ಲಿಕ್ವಿಡ್ ಕೂಲರ್ ಎರಡನೇ ಬೇಸಿಗೆಗೆ ಕೈಕೊಟ್ಟಿದ್ದು ಯಾರದ್ದು? ನನ್ನ ಹಳೇ ಕಾರ್ಡ್ ಓಡುತ್ತಲೇ ಇದೆ.

ಮಾಟುಂಗಾ, ಮುಂಬೈ

ಜಗಳ ಬಿಡಿ. ಬಿಲ್ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಆಫೀಸ್ ನಡೆಸುವವನಾಗಿ ಹೇಳುತ್ತೇನೆ. 2021ರಲ್ಲಿ ಕಾರ್ಡುಗಳಿಗೆ ಬರ ಬಂದಿತ್ತು. 3060 ಒಂದಕ್ಕೆ 58,000 ಕೊಟ್ಟೆ, ಪಕ್ಕಾ ಬಿಲ್ ಹಾಕಿಸಿಯೇ. ನಮ್ಮ ಪಕ್ಕದ ಆಫೀಸಿನವರು ಅದೇ ಕಾರ್ಡನ್ನು ಕಚ್ಚಾ ಬಿಲ್‌ನಲ್ಲಿ 51,000ಕ್ಕೆ ತಂದರು. ಎರಡೂ ಕಾರ್ಡ್ ಮೂರು ವರ್ಷದ ವಾರಂಟಿಯೊಳಗೆ ಕೆಟ್ಟವು. ನನಗೆ ಬದಲಿ ಕಾರ್ಡ್ ಬಂತು. ಅವರನ್ನು ಸರ್ವಿಸ್ ಸೆಂಟರ್‌ನವರು ಬಿಲ್ ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿದರು. 7,000 ಉಳಿಸಲು ಹೋಗಿ 51,000 ಹೋಯಿತು. ಜಿಎಸ್‌ಟಿ 18 ಶೇಕಡಾ ಅಂತ ಅಳುತ್ತಾರೆ. ನೋಂದಣಿ ಇರುವ ಪ್ರ್ಯಾಕ್ಟೀಸ್ ಆದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದು, ತಿರುಗಿ ಬರುತ್ತದೆ. ಕಂಪ್ಯೂಟರಿಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ 40 ಶೇಕಡಾ ಸವಕಳಿ (ಯಂತ್ರ ಸವೆಯುವುದಕ್ಕೆ ಆದಾಯದಿಂದ ಕಳೆಯುವ ಮೊತ್ತ) ಇದೆ.

ಇನ್ನು ಸ್ವಂತ ಲ್ಯಾಪ್‌ಟಾಪ್ ತರಬೇಕು ಅನ್ನುವುದು ತಪ್ಪೇನಲ್ಲ. ರೆವಿಟ್ ಲೈಸೆನ್ಸ್, ಬಾಡಿಗೆ, ಪ್ಲಾಟರ್ ಎಲ್ಲ ಆಫೀಸೇ ಹೊರಬೇಕು. ಒಂದು ವರ್ಷಕ್ಕೆ ಬಿಟ್ಟುಹೋಗುವ ಹುಡುಗರಿಗೆ ಲಕ್ಷದ ಯಂತ್ರ ಎಲ್ಲಿಂದ ತರಲಿ?

ವಾಕಡ್, ಪುಣೆ

ಸರ್, ನಾನು ಆ ಒಂದು ವರ್ಷಕ್ಕೆ ಬಿಟ್ಟುಹೋದವಳು. ಯಾಕೆ ಬಿಟ್ಟೆ ಹೇಳಲಾ? ಸಂಬಳ 22,000. ಲ್ಯಾಪ್‌ಟಾಪ್ ಇಎಂಐ 6,900. ಪಿಜಿ ಬಾಡಿಗೆ 8,500. ಕೈಯಲ್ಲಿ ಉಳಿಯುತ್ತಿದ್ದುದು 6,600. ಸಂಜೆ ಏಳಕ್ಕೆ ಹೊರಡುವಾಗ, ಮನೆಯಲ್ಲಿ ರೆಂಡರ್ ಹಾಕಿಡು ಬೆಳಿಗ್ಗೆ ಬೇಕು ಅನ್ನುತ್ತಿದ್ದರು. ಪಿಜಿಯಲ್ಲಿ ರಾತ್ರಿಯಿಡೀ ಫ್ಯಾನ್ ಸದ್ದಿಗೆ ರೂಮ್‌ಮೇಟ್ ಜೊತೆ ಜಗಳ. ಎರಡೂ ಫ್ಯಾನ್ ಹೋದವು, 3,800 ಕೈಯಿಂದ ಕೊಟ್ಟೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಎದ್ದು ನಿಂತಿತು, ಇನ್ನೊಂದು 6,200. ಆಫೀಸಿಗೆ ಹೇಳಿದರೆ, ನಿನ್ನ ಯಂತ್ರ ಅಲ್ವಾ ಅಂದರು. ಇಮೇಜ್ ಮಾತ್ರ ಅವರದ್ದು. ನೀವು ಹೇಳಿದ 40 ಶೇಕಡಾ ಸವಕಳಿ ನನ್ನ ಸಂಬಳದಲ್ಲಿ ಯಾರು ಕೊಡುತ್ತಾರೆ?

ಮಾಟುಂಗಾ, ಮುಂಬೈ

ನಿಮ್ಮ ಆಫೀಸಿನ ಲೆಕ್ಕಕ್ಕೆ ನನ್ನನ್ನು ಕೇಳಬೇಡಿ. ನಾನು ಲ್ಯಾಪ್‌ಟಾಪ್ ತರುವವರಿಗೆ ತಿಂಗಳಿಗೆ 2,500 ಸೇರಿಸಿ ಕೊಡುತ್ತೇನೆ. ನಾವು ಕಲಿಯುವಾಗ ಡ್ರಾಫ್ಟಿಂಗ್ ಬೋರ್ಡ್, ರೋಟ್ರಿಂಗ್ ಪೆನ್ನು ಎಲ್ಲ ನಮ್ಮದೇ ತಂದಿದ್ದೆವು.

ಪರ್ವರಿ, ಗೋವಾ

ರೋಟ್ರಿಂಗ್ ಪೆನ್ನಿಗೆ ಇಎಂಐ ಇತ್ತಾ ಸರ್? ನಮ್ಮದು ನಿಮ್ಮದಕ್ಕಿಂತ ಸಣ್ಣ ಆಫೀಸ್. ಇಬ್ಬರು ಜೂನಿಯರ್‌ಗಳಿಗೂ ಯಂತ್ರ ನಾನೇ ಕೊಟ್ಟಿದ್ದೇನೆ. ಕೆಲಸ ನನ್ನದಾದರೆ ಯಂತ್ರವೂ ನನ್ನದೇ ಇರಬೇಕು. ಬಿಟ್ಟುಹೋದರೆ ಯಂತ್ರ ಇಲ್ಲೇ ಉಳಿಯುತ್ತದಲ್ಲ.

ಠಾಣೆ

ಆಪಲ್‌ನ ಮ್ಯಾಕ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ರೆವಿಟ್‌ನಂಥದ್ದೇ ಆದ ಆರ್ಕಿಕ್ಯಾಡ್ ಕೆಲಸವನ್ನೆಲ್ಲ ಮ್ಯಾಕ್‌ಬುಕ್ ಪ್ರೊದಲ್ಲಿ ಮಾಡುತ್ತೇನೆ. ಸದ್ದಿಲ್ಲ, ಬಿಸಿಯಿಲ್ಲ, ಬ್ಯಾಟರಿ ಇಡೀ ದಿನ ಬರುತ್ತದೆ. ಲೋಕಲ್‌ನಲ್ಲಿ ಸೀಟು ಸಿಕ್ಕರೆ ಅಲ್ಲೇ ಕೆಲಸ.

ಹಡಪ್ಸರ್, ಪುಣೆ

ರೆವಿಟ್ ಮ್ಯಾಕ್‌ಗೆ ಇಲ್ಲ. ಲೂಮಿಯನ್ ಇಲ್ಲ. ಮ್ಯಾಕ್ಸ್ ಇಲ್ಲ. ಅವಳು ಕೇಳಿದ್ದರಲ್ಲಿ ಓಡುವುದು ಸ್ಕೆಚ್‌ಅಪ್, ಅದರೊಳಗಿನ ಎನ್‌ಸ್ಕೇಪ್, ಅಷ್ಟೇ.

ಠಾಣೆ

ಆರ್ಕಿಕ್ಯಾಡ್ ಕಲಿತರೆ ಆಯಿತು. ಎಲ್ಲರೂ ರೆವಿಟ್‌ನಲ್ಲೇ ಸಾಯಬೇಕು ಅಂತ ಕಾನೂನಿದೆಯಾ?

ವಾಕಡ್, ಪುಣೆ

ಪುಣೆಯಲ್ಲಿ ಕೆಲಸದ ಜಾಹೀರಾತು ನೋಡಿ, ಗೊತ್ತಾಗುತ್ತದೆ.

ಕೊಥ್ರೂಡ್, ಪುಣೆ

ಎಲ್ಲರಿಗೂ ಥ್ಯಾಂಕ್ಸ್. ವಾಕಡ್ ಅಕ್ಕ, ನಿಮ್ಮದು ಓದಿ ಆಫೀಸಿನಲ್ಲಿ ಕೇಳಿಯೇಬಿಟ್ಟೆ. ಅಲ್ಲಿನ ಹಳೇ ಡೆಸ್ಕ್‌ಟಾಪ್ ರೆವಿಟ್‌ಗೆ ಸಾಕು ಅಂದರು, ರೆಂಡರ್ ವಿಷಯಕ್ಕೆ ಉತ್ತರ ಕೊಟ್ಟಿಲ್ಲ. ಮನೆಗೆ ಡೆಸ್ಕ್‌ಟಾಪೇ ತಗೊಳ್ಳುತ್ತೇನೆ. ರೈಜೆನ್ 7 7700 ಅಂದುಕೊಂಡಿದ್ದೇನೆ. ಕಾರ್ಡ್ ಆರ್‌ಟಿಎಕ್ಸ್ 5060 ಟಿಐ 16 ಜಿಬಿಯೋ, 5070 12 ಜಿಬಿಯೋ ಗೊತ್ತಾಗುತ್ತಿಲ್ಲ. ನಮ್ಮ ಕಡೆ ಗುರುವಾರ ಕರೆಂಟ್ ಹೋಗುವುದುಂಟು. 600 ವಿಎ ಯುಪಿಎಸ್ ಮನೆಯಲ್ಲಿದೆ, ಅದು ಸಾಕಾ?

ಡೊಂಬಿವಲಿ

5070. ವೇಗ ಅದರದ್ದೇ ಜಾಸ್ತಿ. ಎನ್‌ಸ್ಕೇಪ್‌ಗೆ 12 ಸಾಕು. ಪಕ್ಕಾ ಬಿಲ್, ಮಾಟುಂಗಾದವರು ಹೇಳಿದ್ದು ಸರಿ ಇದೆ.

ಪರ್ವರಿ, ಗೋವಾ

16 ಜಿಬಿ ತಗೋ. ನಿಧಾನವಾದರೆ ಕಾಯಬಹುದು, ಮೆಮೊರಿ ತುಂಬಿದರೆ ಕಾದರೂ ಪ್ರಯೋಜನವಿಲ್ಲ. ಅದೇ ಕಾರ್ಡ್ 8 ಜಿಬಿಯಲ್ಲೂ ಬರುತ್ತದೆ, ಡಬ್ಬದ ಮೇಲೆ ಓದಿಯೇ ದುಡ್ಡು ಕೊಡು.

600 ವಿಎ ಸಾಲುವುದಿಲ್ಲ. ಅದು ಕೊಡುವುದು 360 ವ್ಯಾಟ್ ಆಸುಪಾಸು. ನಿನ್ನ ಕಾರ್ಡಿಗೆ 180, ಪ್ರೊಸೆಸರ್ ಜೋರಾಗಿ ಓಡುವಾಗ 88, ಬೋರ್ಡ್, ಫ್ಯಾನ್, ಡಿಸ್ಕ್‌ಗೆ 60 ಹಿಡಿ, ಮಾನಿಟರ್‌ಗೆ 40. ಒಟ್ಟು 368. ರೆಂಡರ್ ನಡುವೆ ಕರೆಂಟ್ ಹೋದರೆ ಯುಪಿಎಸ್ ಕೂಗಿ ಆರಿಬಿಡುತ್ತದೆ. 1 ಕೆವಿಎ ತಗೋ, 600 ವ್ಯಾಟ್‌ದು. ಅದಕ್ಕೂ ಬಿಲ್ ಹಾಕಿಸು. ಹಳೇದನ್ನು ರೌಟರ್‌ಗೆ ಇಟ್ಟುಕೋ.